ಓಣಿಯ ತಿರುವಿನ ಬಂಬಾ

ನಾನು ಮದುವೆಯಾಗಿ ಬಂದಾಗ ಊರಿನ ಹೆಸರು ಔರಂಗಾಬಾದ. ಈಗ ಬಸ್ಸಿನ ನೆತ್ತಿಯ ಮೇಲೆ ಛತ್ರಪತಿ ಸಂಭಾಜಿನಗರ ಎಂದು ಬರೆದಿರುತ್ತದೆ, ಮೊಮ್ಮಕ್ಕಳೂ ಹಾಗೇ ಅನ್ನುತ್ತಾರೆ. ನನ್ನ ನಾಲಿಗೆ ಮಾತ್ರ ಹಳೆಯ ಹೆಸರನ್ನೇ ಮೊದಲು ಹಿಡಿಯುತ್ತದೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ತಂತಿ ಕಚೇರಿಯಲ್ಲಿ ಗುಮಾಸ್ತರು. ಬೀದರದಲ್ಲಿ ಗಾಡಿ ಹತ್ತಿ, ಪರಭಣಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು, ಮುಖಕ್ಕೆಲ್ಲ ಇದ್ದಿಲ ಪುಡಿ ಮೆತ್ತಿಕೊಂಡು ನಾವು ಇಳಿದಾಗ ಸ್ಟೇಶನ್ನಿನ ಮುಂದೆ ಟಾಂಗಾಗಳು ಸಾಲಾಗಿ ನಿಂತಿದ್ದವು.

ಟಾಂಗಾ ಊರೊಳಗೆ ಹೊಕ್ಕಿದ್ದು ಒಂದು ಹಳೆಯ ದರವಾಜದ ಕೆಳಗಿಂದ. ಈ ಊರಿಗೆ ಐವತ್ತೆರಡು ದರವಾಜ ಇದ್ದವು ಅಂತ ಜನ ಹೇಳುತ್ತಾರೆ. ನಮ್ಮದು ಅವುಗಳಲ್ಲಿ ಯಾರೂ ನೋಡಲು ಬಾರದ ಒಂದು. ಕಪ್ಪು ಕಲ್ಲಿನ ಕಮಾನು, ಅದರ ತಲೆಯ ಮೇಲೆ ಪಾರಿವಾಳಗಳ ಸಂಸಾರ, ಕಾಲಬುಡದಲ್ಲಿ ಒಬ್ಬ ಪಾನಿನ ಅಂಗಡಿಯವನು. ಕಮಾನು ದಾಟಿದರೆ ನಮ್ಮ ಓಣಿ. ಎರಡೂ ಕಡೆ ಎತ್ತರದ ಕಟ್ಟೆಯ ಹವೇಲಿಗಳು, ಸುಣ್ಣ ಉದುರಿದ ಗೋಡೆಗಳು, ಕೆತ್ತನೆಯ ಮರದ ಕಿಟಕಿಗಳು. ಒಂದು ಕಾಲಕ್ಕೆ ಸರದಾರರು ಇದ್ದ ಮನೆಗಳಲ್ಲಿ ಈಗ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಸ್ವಲ್ಪ ಮುಂದೆ ಹೋಗಿ ಓಣಿ ಎಡಕ್ಕೆ ತಿರುಗುವಲ್ಲಿ ಟಾಂಗಾ ನಿಂತಿತು. ಇನ್ನು ಮುಂದೆ ಹೋಗುವುದಿಲ್ಲ, ಇಳಿಯಿರಿ ಅಂದ ಟಾಂಗಾದವನು.

ತಿರುವಿನ ನಟ್ಟನಡುವೆ, ಅರ್ಧ ದಾರಿ ನುಂಗಿಕೊಂಡು, ಇಟ್ಟಿಗೆ ಗಾರೆಯ ಒಂದು ಚೌಕ ಗೋಪುರ ನಿಂತಿತ್ತು. ಎರಡಾಳೆತ್ತರ ಇದ್ದೀತು. ನೆತ್ತಿಯ ಬಿರುಕಿನಲ್ಲಿ ಅರಳಿಯ ಗಿಡ ಹುಟ್ಟಿ ಮರವಾಗಿತ್ತು. ಅದರ ಬೇರುಗಳು ಗೋಡೆಯ ಮೈಮೇಲೆ ಇಳಿದು ನೆಲದೊಳಗೆ ಹೊಕ್ಕಿದ್ದವು. ಇದೇನು ಅಂತ ಗಂಡನನ್ನು ಕೇಳಿದೆ. ಬಂಬಾ ಅಂದರು. ನನಗೆ ನಗು ಬಂತು. ನಮ್ಮ ಬೀದರದ ಮನೆಯಲ್ಲಿ ಬಂಬಾ ಅಂದರೆ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಪಾತ್ರೆ. ಹೊಸ ಮದುವಣಗಿತ್ತಿ ಬೀದಿಯಲ್ಲಿ ನಕ್ಕಳೆಂದು ಎದುರಿನ ಕಿಟಕಿಯಲ್ಲಿ ಯಾರೋ ಗೊಣಗಿದ್ದೂ ಕೇಳಿಸಿತು.

ನಮ್ಮ ಮನೆ ಆ ಬಂಬಾಕ್ಕೆ ಬೆನ್ನು ಹಚ್ಚಿದ್ದ ಹವೇಲಿಯ ಮೇಲಂತಸ್ತಿನ ಎರಡು ಕೋಣೆ. ಹವೇಲಿಯ ಒಡತಿ ಒಬ್ಬ ವಯಸ್ಸಾದ ಮುಸಲ್ಮಾನ ಹೆಂಗಸು. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಳಗಿನ ಹಿಂಭಾಗದಲ್ಲಿ ಹೆಂಗಸರ ಅಂಗಳವೆಂದು ಬೇರೆಯೇ ಇತ್ತು. ಅಲ್ಲಿ ಆಕೆ ಒಬ್ಬಳೇ ಇರುತ್ತಿದ್ದಳು. ಆ ಅಂಗಳಕ್ಕೆ ಗಂಡಸರು ಕಾಲಿಟ್ಟಿದ್ದೇ ಇಲ್ಲ ಎಂಬುದು ಆಕೆಯ ಹೆಮ್ಮೆ. ಬಾಡಿಗೆ ಕೊಡಲು ಹೋದ ನನ್ನ ಗಂಡನೂ ಬಾಗಿಲ ಪರದೆಯ ಈಚೆಗೇ ನಿಂತು ಮಾತಾಡಿ ಬರುತ್ತಿದ್ದರು.

ಮೇಲೆ ನಮ್ಮ ಅತ್ತಿಯ, ಅಂದರೆ ಗಂಡನ ತಾಯಿಯ, ರಾಜ್ಯ. ಅತ್ತಿಯೂ ವಿಧವೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಡಿ ಅಂದರೆ ಮಡಿ. ಬೀದರದವಳಾದ್ದರಿಂದ ಆಕೆಗೆ ಉರ್ದು ನೀರು ಕುಡಿದಷ್ಟು ಸಲೀಸು. ಖಾಲಾನ ಜೊತೆ ಮೆಟ್ಟಿಲ ಮೇಲಿಂದ ದಿನವೂ ಮಾತು, ಹಬ್ಬಕ್ಕೆ ಒಬ್ಬರಿಗೊಬ್ಬರು ಶುಭ ಹಾರೈಸುವುದು, ಖಾಲಾ ಕಾಳು ಹಾಕುವ ಪಾರಿವಾಳ ಅತ್ತಿಯ ಹಪ್ಪಳಕ್ಕೆ ಬಾಯಿ ಹಾಕಿದರೆ ಜಗಳ, ಎಲ್ಲವೂ ಇತ್ತು. ಆದರೆ ಆಕೆಯ ಹೊಸ್ತಿಲು ಅತ್ತಿ ದಾಟಿರಲಿಲ್ಲ, ಆಕೆಯ ಮನೆಯ ಒಂದು ಹನಿ ನೀರು ಮುಟ್ಟಿರಲಿಲ್ಲ. ಖಾಲಾಗೂ ಅದು ಗೊತ್ತಿತ್ತು. ಗೊತ್ತಿದ್ದೇ ಇಬ್ಬರೂ ಹತ್ತು ಹದಿನೈದು ವರ್ಷ ಹಾಗೇ ನಡೆಸಿಕೊಂಡು ಬಂದಿದ್ದರು.

ನನ್ನ ಗಂಡನಿಗೆ ಈ ಓಣಿ ಸೇರುತ್ತಿರಲಿಲ್ಲ. ಕಚೇರಿಯ ಗೆಳೆಯರೆಲ್ಲ ಊರ ಹೊರಗೆ ಹೊಸ ಕಾಲನಿಯಲ್ಲಿ ಸಿಮೆಂಟಿನ ಮನೆ ಹಿಡಿದಿದ್ದರು. ಇಲ್ಲಿ ಗಾರೆ ಉದುರಿ ಅನ್ನದಲ್ಲಿ ಬೀಳುತ್ತದೆ, ಸೈಕಲ್ ಇಡಲು ಜಾಗವಿಲ್ಲ ಎಂದು ದಿನಾ ಹೇಳುತ್ತಿದ್ದರು. ನನಗೆ ಮಾತ್ರ ಮೊದಲ ವಾರದಲ್ಲೇ ಈ ಓಣಿ ಹಿಡಿಸಿಬಿಟ್ಟಿತು. ಕಮಾನು, ಕಲ್ಲಿನ ಕಟ್ಟೆ, ಸಂಜೆ ಕಟ್ಟೆಯ ಮೇಲೆ ಕೂತು ಕಡಲೆ ಬಿಡಿಸುವ ಹೆಂಗಸರು, ಎಲ್ಲ ಬೀದರದ ಕೋಟೆಯ ಸುತ್ತಿನ ಓಣಿಗಳ ಹಾಗೇ. ಮರಾಠಿ ಬರುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಕನ್ನಡ, ಉರ್ದು, ಹಾವಭಾವ ಕೂಡಿಸಿ ವ್ಯಾಪಾರ ಮಾಡುತ್ತಿದ್ದೆ. ಎದುರಿನ ಮನೆಯವರು ನನ್ನನ್ನು ‘ಕಾನಡೀ ಸೂನ್’, ಕನ್ನಡದ ಸೊಸೆ, ಎಂದು ಕರೆಯುತ್ತಿದ್ದರು. ಸ್ವಲ್ಪ ಪ್ರೀತಿ, ಸ್ವಲ್ಪ ಗೇಲಿ. ಓಣಿಯಲ್ಲಿ ಏನಾದರೂ ತೀರ್ಮಾನ ಆಗಬೇಕಾದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕೆಂದು ನನಗೂ ಅನಿಸಿರಲಿಲ್ಲ.

ಎಪ್ಪತ್ತೆರಡರಲ್ಲಿ ಮಳೆ ಬರಲಿಲ್ಲ. ಅದರ ಹಿಂದಿನ ವರ್ಷವೂ ಬಂದದ್ದು ಅಷ್ಟಕ್ಕಷ್ಟೇ. ವೈಜಾಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ದರವಾಜದ ಹೊರಗೆ ಬಿಡಾರ ಹೂಡಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಓಣಿಯ ಬಾವಿ ಕೆಸರಾಯಿತು, ಆಮೇಲೆ ಬರಿಯ ಗುಂಡಿಯಾಯಿತು. ನಳ ಮೊದಲು ದಿನಬಿಟ್ಟು ದಿನ ಬಂತು, ನಂತರ ವಾರಕ್ಕೊಮ್ಮೆ, ಕೊನೆಗೆ ಗಾಳಿಯನ್ನಷ್ಟೇ ಊದತೊಡಗಿತು. ಬೇಸಿಗೆಯಲ್ಲಿ ಟ್ಯಾಂಕರ್ ಬರಲು ಶುರುವಾಯಿತು. ಆ ಟ್ಯಾಂಕರ್ ಕಮಾನಿನ ಕೆಳಗೆ ಹೇಗೋ ತೂರಿ ಬರುತ್ತಿತ್ತು, ಆದರೆ ತಿರುವಿನಲ್ಲಿ ಬಂಬಾ ಅಡ್ಡ. ಡ್ರೈವರ್ ಅಲ್ಲಿಗೇ ನಿಲ್ಲಿಸುತ್ತಿದ್ದ. ತಿರುವಿನ ಆಚೆಯ ಮನೆಗಳವರು, ಅಂದರೆ ಅರ್ಧಕ್ಕೂ ಹೆಚ್ಚು ಓಣಿ, ಕೊಡ ಹೊತ್ತು ನಡೆಯಬೇಕು. ಅಲ್ಲಿ ನೂಕುನುಗ್ಗಲು. ನಮ್ಮ ಪಾಳಿ ಬರುವಷ್ಟರಲ್ಲಿ ಟ್ಯಾಂಕರಿನ ಹೊಟ್ಟೆ ಖಾಲಿ.

ಒಂದು ದಿನ ಕಟ್ಟಿಗೆ ವಖಾರಿಯ ಶೇಠಜಿಯ ಸೊಸೆ ತುಂಬಿದ ಹಂಡೆಯೊಂದಿಗೆ ಆ ತಿರುವಿನಲ್ಲೇ ಜಾರಿ ಬಿದ್ದಳು. ಮೊಣಕೈ ಮುರಿಯಿತು. ಬಸುರಿ ಬೇರೆ. ಶೇಠಜಿ ನಮ್ಮ ಓಣಿಯ ಹಿರಿಯರು, ಮಾತು ಕಡಿಮೆ, ಯಾರ ಮನೆಯಲ್ಲಿ ಏನಾದರೂ ಮೊದಲು ಬಂದು ನಿಲ್ಲುವವರು. ಅಂದು ಸಂಜೆ ಎಲ್ಲರನ್ನೂ ಹವೇಲಿಯ ಹೊರ ಅಂಗಳಕ್ಕೆ ಕರೆದರು. ಗಂಡಸರು ನೆಲದ ಮೇಲೆ ಕೂತರು, ಹೆಂಗಸರು ಮೆಟ್ಟಿಲ ಮೇಲೆ. ಅವರು ಹೇಳಿದ್ದು ಇಷ್ಟು: ಈ ಬಂಬಾ ಯಾವ ಕಾಲದ್ದೋ, ಯಾತಕ್ಕೂ ಉಪಯೋಗವಿಲ್ಲ, ಅದನ್ನು ಕೆಡವಿದರೆ ಟ್ಯಾಂಕರ್ ಓಣಿಯ ಕೊನೆಯ ತನಕ ಬರುತ್ತದೆ, ಕೆಡವಲು ಒಪ್ಪಿಗೆ ಸಿಗುವಂತೆ ನಗರಸಭೆಯಲ್ಲಿ ಮಾತಾಡಿಯಾಗಿದೆ, ವಾರದೊಳಗೆ ಆಳುಗಳು ಬರುತ್ತಾರೆ. ಯಾರೂ ಬೇಡ ಅನ್ನಲಿಲ್ಲ. ಅರಳಿ ಮರ ಕಡಿಯುವುದು ಹೇಗೆ ಎಂದು ಒಬ್ಬಿಬ್ಬರು ಮುದುಕಿಯರು ಗೊಣಗಿದರು, ಅಷ್ಟೇ. ನನ್ನ ಗಂಡನೂ ಕೈ ಎತ್ತಿದರು. ನಾನು ನನ್ನ ಎರಡು ವರ್ಷದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳುತ್ತಿದ್ದೆ. ನನಗೂ ಅದು ಸರಿಯೆಂದೇ ತೋರಿತು.

ಮರುದಿನ ಮಧ್ಯಾಹ್ನ ಟ್ಯಾಂಕರಿನಿಂದ ಒಂದು ಕೊಡ ದಕ್ಕಿತ್ತು. ಬಿಸಿಲು ಅಂದರೆ ಬಿಸಿಲು. ತಿರುವಿನಲ್ಲಿ ಕೊಡ ಇಳಿಸಿ ಬಂಬಾದ ಬುಡದ ನೆರಳಲ್ಲಿ ಕೂತೆ. ಕೂತಾಗ ತಲೆ ಎತ್ತಿ ನೋಡಿದೆ. ಓಣಿಯ ಬೇವಿನ ಮರ ಎಲೆ ಉದುರಿಸಿ ಎಲುಬಾಗಿತ್ತು. ಹವೇಲಿಯ ಮಲ್ಲಿಗೆ ಬಳ್ಳಿ ಒಣಗಿ ಹಗ್ಗವಾಗಿತ್ತು. ಈ ಅರಳಿ ಮಾತ್ರ ಮೈತುಂಬ ಹೊಸ ಚಿಗುರು ಹೊತ್ತು, ತಾಮ್ರದ ಬಣ್ಣದ ಎಳೆ ಎಲೆಗಳನ್ನು ಆಡಿಸುತ್ತ ನಿಂತಿತ್ತು. ಗಾರೆಯ ಮೇಲೆ ಬದುಕುವ ಮರ. ಅದಕ್ಕೆ ನೀರು ಕೊಟ್ಟವರು ಯಾರು?

ನನ್ನ ಅಜ್ಜಿಯ ಊರು ಬೀದರದ ಹೊರಗಿನ ನೌಬಾದ. ಅಲ್ಲಿ ನೆಲದೊಳಗೆ ಸುರಂಗ ಕೊರೆದು ಹಳೆಯ ಕಾಲದಲ್ಲಿ ನೀರು ಹರಿಸಿದ್ದರು. ಸುರಂಗ ಬಾವಿ ಅನ್ನುತ್ತಾರೆ. ನೆಲದ ಮೇಲೆ ನೋಡಿದರೆ ಏನೂ ಇಲ್ಲ, ಅಲ್ಲಲ್ಲಿ ಒಂದೊಂದು ಗಾಳಿಗಂಡಿ ಅಷ್ಟೇ. ಅಜ್ಜಿ ನಮ್ಮನ್ನು ಆ ಗಂಡಿಯ ಪಕ್ಕ ಬೋರಲು ಮಲಗಿಸಿ, ಉಸಿರು ಬಿಗಿಹಿಡಿದು ಕೇಳ್ರಿ ಅನ್ನುತ್ತಿದ್ದಳು. ಕೆಳಗೆ ಎಲ್ಲೋ ಯಾರೋ ಪಿಸುಗುಟ್ಟಿದಂತೆ ನೀರಿನ ಸದ್ದು. ಅದು ನೆನಪಾಗಿದ್ದೇ ತಡ, ನಾನು ಬಂಬಾದ ಬುಡದ ಕಲ್ಲಿಗೆ ಕಿವಿ ಹಚ್ಚಿದೆ. ಮೊದಲು ನನ್ನ ಎದೆ ಬಡಿತವೇ ಕೇಳಿಸಿತು. ಆಮೇಲೆ ಅದರ ಹಿಂದೆ ಇನ್ನೊಂದು. ನಿಂತು ನಿಂತು, ಸಣ್ಣಗೆ, ಸುರಿಯುವ ಸದ್ದು.

ಕೊಡವನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ. ಆ ದಿನಗಳಲ್ಲಿ ತುಂಬಿದ ಕೊಡ ಬೀದಿಯಲ್ಲಿ ಬಿಟ್ಟು ಬರುವುದೆಂದರೆ ಹುಚ್ಚು ಹಿಡಿದಂತೆಯೇ. ಅತ್ತಿ ಬೈಯಲು ಬಾಯಿ ತೆರೆದಳು. ನಾನು ಕಲ್ಲಿನೊಳಗೆ ಕೇಳಿದ್ದನ್ನು ಹೇಳಿದೆ. ಅತ್ತಿಯೂ ಬೀದರದವಳೇ, ಸುರಂಗ ಬಾವಿ ಅಂದರೆ ಏನೆಂದು ಆಕೆಗೆ ವಿವರಿಸಬೇಕಾಗಿರಲಿಲ್ಲ. ಸೆರಗು ಹೊದ್ದು ಕೆಳಗಿಳಿದು ಬಂದಳು. ನಡುಮಧ್ಯಾಹ್ನ, ಎರಡೂ ಕಡೆಯ ಕಿಟಕಿಗಳಿಂದ ಜನ ನೋಡುತ್ತಿರುವಾಗ, ಮಡಿಯ ಆ ಮುದುಕಿ ಬೀದಿಯ ದೂಳಿನಲ್ಲಿ ಮಲಗಿ ಕಲ್ಲಿಗೆ ಕಿವಿಯಿಟ್ಟಳು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕೆನ್ನೆಗೆ ಮಣ್ಣು ಮೆತ್ತಿತ್ತು.

“ನೀರ ಅದ,” ಅಂದಳು. “ನಿನ್ನ ಕಿವಿ ಸುಳ್ಳಲ್ಲ. ನಡಿ, ಶೇಠಜಿಗೆ ನೀನೇ ಹೇಳು.”

“ನನಗ ಮರಾಠಿ ಎಲ್ಲಿ ಬರ್ತದರಿ ಅತ್ತಿ?”

“ನೀರಂದ್ರ ಪಾಣೀ. ಅಷ್ಟು ಬರ್ತದಲ್ಲ, ಸಾಕು.”

ವಖಾರಿಯಲ್ಲಿ ಮರದ ತೊಲೆಗಳ ನಡುವೆ ನಿಂತು ನನ್ನ ಹರಕು ಮುರುಕು ಮಾತಿನಲ್ಲಿ ಹೇಳಿದೆ. ಶೇಠಜಿ ನಗಲಿಲ್ಲ. ಆದರೆ ನಂಬಲೂ ಇಲ್ಲ. ಇಲಿ ಓಡಾಡಿದ್ದಿರಬೇಕು ಮಗಳೇ ಅಂದರು. ಅವರ ಮನಸ್ಸೆಲ್ಲ ಒಳಗೆ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಸೊಸೆಯ ಮೇಲಿತ್ತು. ಕೊನೆಗೆ, ಆಳುಗಳು ಬರುವುದು ಶುಕ್ರವಾರ, ಅಷ್ಟರೊಳಗೆ ಬಂಬಾದಿಂದ ನೀರು ತೆಗೆದು ತೋರಿಸಿದರೆ ಅದನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ನನ್ನ ಗಂಡನಿಗೆ ವಿಷಯ ಗೊತ್ತಾದಾಗ ಅವರಿಗೆ ಮುಜುಗರವಾಯಿತು. ಕಚೇರಿಯವರು ಏನೆಂದುಕೊಂಡಾರು ಎಂಬ ಚಿಂತೆ. ಅತ್ತಿ ಮಗನಿಗೆ ಊಟ ಬಡಿಸುತ್ತ, ನೀ ಉಂಡು ಸುಮ್ಮನ ಕೂಡು ಅಂದಳು. ಅವರು ಹಾಗೇ ಮಾಡಿದರು.

ನೀರು ಇರುವುದು ನಿಜ, ಆದರೆ ಎಲ್ಲಿಂದ ಬರುತ್ತಿದೆ? ಅದನ್ನು ಖಾಲಾನೇ ಹೇಳಬೇಕಿತ್ತು. ಪರದೆಯ ಹೊರಗೆ ನಿಂತು ನಾನು ಕೇಳಿದೆ. ಅತ್ತಿ ಮೆಟ್ಟಿಲ ಮೇಲೇ ನಿಂತಿದ್ದಳು. ಖಾಲಾ ಬಹಳ ಹೊತ್ತು ಮಾತಾಡಿದಳು. ತಾನು ಮದುವೆಯಾಗಿ ಬಂದಾಗ ಬಂಬಾದ ಓಣಿಯ ಕಡೆಯ ಮುಖಕ್ಕೆ ಕಲ್ಲಿನ ಬಾಯಿಯೊಂದಿತ್ತು, ಅದರಿಂದ ಹಗಲೂ ರಾತ್ರಿ ನೀರು ಬೀಳುತ್ತಿತ್ತು, ಎತ್ತುಗಳು ನಿಂತು ಕುಡಿಯುತ್ತಿದ್ದವು. ಊರನ್ನು ಕಟ್ಟಿಸಿದ, ಆಫ್ರಿಕಾದಿಂದ ಬಂದ ಹಬಶಿ ವಜೀರ ಮುನ್ನೂರು ವರ್ಷಕ್ಕೂ ಹಿಂದೆ ಗುಡ್ಡದ ಬುಡದಿಂದ ಮಣ್ಣಿನ ಕೊಳವೆಯಲ್ಲಿ ತಂದ ನೀರು ಅದು, ನಹರ್. ಕಬ್ಬಿಣದ ನಳ ಬಂದ ಮೇಲೆ ಯಾರಿಗೂ ಅದು ಬೇಡವಾಯಿತು. ಬಾಯಿಗೆ ಗಾರೆ ಮೆತ್ತಿದರು. ಕೊಳವೆ ಬಂಬಾಕ್ಕೆ ಹೋಗುವ ಮುನ್ನ ಒಂದು ಹೌಜಿಗೆ, ಕಲ್ಲಿನ ತೊಟ್ಟಿಗೆ, ಬರುತ್ತದೆ. ಆ ಹೌಜು ಇಲ್ಲೇ ಇದೆ.

ಇಲ್ಲೇ ಅಂದರೆ ಎಲ್ಲಿ ಅಂತ ಕೇಳಿದೆ. ಖಾಲಾ ಪರದೆ ಸರಿಸಿ ತನ್ನ ಒಳ ಅಂಗಳದ ನಡುವೆ ಕೈ ತೋರಿಸಿದಳು. ಅಲ್ಲಿ ಆಕೆಯ ಮಂಚವಿತ್ತು, ಮಂಚದ ಕೆಳಗೆ ಅಗಲವಾದ ಕಲ್ಲು ಚಪ್ಪಡಿಗಳಿದ್ದವು. ಗಂಡಸರನ್ನು ಒಳಗೆ ಬಿಡುವುದಿಲ್ಲ ಅಂತ ಆಕೆ ಮೊದಲೇ ಹೇಳಿಬಿಟ್ಟಳು. ತೆರೆಯುವುದಾದರೆ ಹೆಂಗಸರೇ ತೆರೆಯಬೇಕು.

ನಾನು ತಿರುಗಿ ಅತ್ತಿಯ ಮುಖ ನೋಡಿದೆ. ಆಕೆ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತಿದ್ದಳು. ನಿಧಾನಕ್ಕೆ ಇಳಿದು ಬಂದಳು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು ಖಾಲಾನ ಹೊಸ್ತಿಲು ದಾಟಿದಳು. ಖಾಲಾ ಗೋಡೆಗೆ ಸರಿದು ದಾರಿ ಬಿಟ್ಟಳು. ಇಬ್ಬರೂ ಆ ಬಗ್ಗೆ ಆಗಲೂ ಮಾತಾಡಲಿಲ್ಲ, ಆಮೇಲೂ ಆಡಿದ್ದು ನಾನು ಕೇಳಿಲ್ಲ. ಇಬ್ಬರೂ ಸೇರಿ ಮಂಚದ ಆಚೆ ಈಚೆ ಹಿಡಿದು ಎತ್ತಿ ಗೋಡೆಗೆ ಇಟ್ಟರು.

ಮರುದಿನ ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋದ ಮೇಲೆ ಓಣಿಯ ಹೆಂಗಸರು ಬರತೊಡಗಿದರು. ಬುರಖಾದವರು, ಒಂಬತ್ತು ಗಜದ ಸೀರೆಯವರು, ಹಿತ್ತಲ ಸಾಲಿನಲ್ಲಿ ಕಸ ಗುಡಿಸುವ ಕೆಲಸದವರು. ಸಾಮಾನ್ಯ ದಿನಗಳಲ್ಲಿ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳದಂತೆ ನಡೆಯುತ್ತಿದ್ದವರು ಆ ಅಂಗಳದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಶೇಠಜಿಯ ಹೆಂಡತಿ ವಖಾರಿಯಿಂದ ಎರಡು ಹಾರೆ ತರಿಸಿದ್ದರು. ಚಪ್ಪಡಿಯ ಸಂದಿಗೆ ಹಾರೆ ಹಾಕಿ ಎಲ್ಲರೂ ಮೈಭಾರ ಬಿಟ್ಟೆವು. ಕಲ್ಲು ಮೊದಲು ಅಲುಗಲಿಲ್ಲ. ಹೊರಗಿನಿಂದ ಶೇಠಜಿಯ ದನಿ ಕೇಳಿಸಿತು, ಆಳು ಬೇಕೇನು ಅಂತ. ಬೇಡವೆಂದು ಖಾಲಾ ಒಳಗಿಂದಲೇ ಕೂಗಿ ಹೇಳಿದಳು. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಚಪ್ಪಡಿ ಎದ್ದು ಒಂದು ಕಡೆ ಸರಿಯಿತು. ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮಳೆ ಬಿದ್ದ ನೆಲದ ವಾಸನೆ. ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು. ಒಂದಷ್ಟು ಹೊತ್ತು ಬಗ್ಗಿ ಆ ಗಾಳಿಯನ್ನೇ ಕುಡಿದೆವು.

ಇಳಿಯುವವರು ಯಾರು? ನಾನು ಸಣ್ಣ ಮೈಯವಳು, ನೌಬಾದದ ಸುರಂಗದಲ್ಲಿ ಹುಡುಗಿಯಾಗಿದ್ದಾಗ ಇಳಿದವಳು. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿದೆ. ನನ್ನ ಮಗನನ್ನು ಶೇಠಜಿಯ ಹೆಂಡತಿ ಎತ್ತಿಕೊಂಡರು. ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಅತ್ತಿ ತನ್ನ ಕೈಗೆ ಸುತ್ತಿಕೊಂಡಳು. ಹೌಜು ಎದೆಯೆತ್ತರ ಆಳ. ಮೊಣಕಾಲ ತನಕ ಹೂಳು, ಹೂಳಿನ ಮೇಲೆ ಗೇಣು ನೀರು. ಕಾಲು ಊರಿದಾಗ ತಣ್ಣಗೆ ನೆತ್ತಿಯವರೆಗೆ ಏರಿತು. ಉತ್ತರದ ಗೋಡೆಯ ಮಣ್ಣಿನ ಕೊಳವೆಯಿಂದ ನೀರು ಬಂದು ಬೀಳುತ್ತಿತ್ತು. ಹಾಗೆ ಬಿದ್ದದ್ದು ನಿಲ್ಲದೆ, ಪಕ್ಕದ ಒಂದು ಬಿರುಕಿನಿಂದ ಹಳೆಯ ಮೋರಿಗೆ ಇಳಿದು ಹೋಗುತ್ತಿತ್ತು. ಇಡೀ ಓಣಿ ಬಾಯಾರಿ ಕೂತಿರುವಾಗ ಇಷ್ಟು ನೀರು ನಮ್ಮ ಕಾಲಡಿಯಲ್ಲೇ ವ್ಯರ್ಥವಾಗುತ್ತಿತ್ತು. ನಾನು ಅದನ್ನು ಮೇಲಕ್ಕೆ ಕೂಗಿ ಹೇಳಿದಾಗ ಹೆಂಗಸರಲ್ಲಿ ಯಾರೋ ಅಳತೊಡಗಿದರು.

ಬುಟ್ಟಿ ಇಳಿಸುತ್ತ ಹೋದರು, ನಾನು ತುಂಬುತ್ತ ಹೋದೆ. ದಣಿದಾಗ ಇನ್ನೊಬ್ಬಳು ಇಳಿದಳು, ಅವಳು ದಣಿದಾಗ ಮತ್ತೊಬ್ಬಳು. ಹೂಳು ಬುಟ್ಟಿಬುಟ್ಟಿಯಾಗಿ ಹೊರ ಅಂಗಳಕ್ಕೆ ಹೋಯಿತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತು, ಬಂಬಾದ ಕಡೆಗೆ ಹೋಗುವ ಕೊಳವೆಯ ಬಾಯಿಯೂ ಕಂಡಿತು. ಅದರೊಳಗೆ ಅರಳಿಯ ಬೇರು. ಬೇರು ಅಂದರೆ ಒಂದಲ್ಲ. ಹೆಣ್ಣಿನ ಜಡೆಯ ಹಾಗೆ ಸಾವಿರ ಎಳೆ ಹೆಣೆದುಕೊಂಡು ಕೊಳವೆಯನ್ನು ಬಿಗಿಯಾಗಿ ತುಂಬಿಕೊಂಡಿದ್ದವು. ಕುಡಗೋಲು ಬೇಕು ಅಂದೆ. ಅರಳಿ ಅದು. ಕಡಿಯಿರಿ ಅಂತ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅತ್ತಿ ಹಗ್ಗವನ್ನು ಖಾಲಾನ ಕೈಗೆ ಕೊಟ್ಟು ಹೊರಗೆ ಹೋದಳು. ಓಣಿಗೆ ಇಳಿದು ಬಂಬಾದ ಬುಡಕ್ಕೆ ಅರಿಷಿಣ ಕುಂಕುಮ ಹಚ್ಚಿ, ಮರಕ್ಕೆ ಕೈಮುಗಿದು, ಜೋರಾಗಿಯೇ ಹೇಳಿದಳಂತೆ: ನಿನ್ನ ಜೀವ ತಗೊಳ್ಳಂಗಿಲ್ಲ, ನಮ್ಮ ದಾರಿ ಅಷ್ಟು ಬಿಟ್ಟುಕೊಡು. ಆಮೇಲೆ ಒಳಗೆ ಬಂದು ಕುಡಗೋಲನ್ನು ತಾನೇ ನನ್ನ ಕೈಗೆ ಇಳಿಸಿದಳು.

ಶುಕ್ರವಾರ ಬೆಳಿಗ್ಗೆ ಆಳುಗಳು ಬಂದೇಬಿಟ್ಟರು. ಸುತ್ತಿಗೆ, ಗುದ್ದಲಿ ಹಿಡಿದು ತಿರುವಿನಲ್ಲಿ ಕೂತು ಬೀಡಿ ಸೇದುತ್ತಿದ್ದಾರೆ ಎಂದು ಕಿಟಕಿಯಿಂದ ನೋಡಿದವರು ಹೇಳಿದರು. ನಾನು ಹೌಜಿನೊಳಗೆ ಬಗ್ಗಿ ನಿಂತು, ಭುಜದ ತನಕ ತೋಳನ್ನು ಕೊಳವೆಯೊಳಗೆ ತೂರಿಸಿ ಬೇರು ಎಳೆಯುತ್ತಿದ್ದೆ. ಮೋರಿಗೆ ಹೋಗುವ ಬಿರುಕಿಗೆ ಶೇಠಜಿಯ ಹೆಂಡತಿಯೇ ಜೇಡಿಮಣ್ಣು, ಹಳೆಯ ಚಿಂದಿ ತುರುಕಿ ಬಿಗಿ ಮಾಡಿದ್ದರು. ನೀರು ಮೊಣಕಾಲು ದಾಟಿ ತೊಡೆಗೆ ಬಂದಿತ್ತು. ಕೊನೆಯ ಜಡೆ ಬಾರದು. ಹಗ್ಗದ ತುದಿಯನ್ನು ಅದಕ್ಕೆ ಕಟ್ಟಿ ಮೇಲಿನವರಿಗೆ ಎಳೆಯಿರೆಂದೆ. ಅತ್ತಿ, ಖಾಲಾ, ಹಿಂದೆ ಉಳಿದವರೆಲ್ಲ, ತೇರಿನ ಮಿಣಿಯ ಹಾಗೆ ಹಿಡಿದು ಎಳೆದರು. ಬೇರು ಕಿತ್ತು ಬಂತು. ನೀರು ನನ್ನ ಮಗ್ಗುಲಿನಿಂದಲೇ ಗೊಳಗೊಳ ಎಂದು ಸುತ್ತಿಕೊಂಡು ಕೊಳವೆಯೊಳಗೆ ನುಗ್ಗಿತು. ನನ್ನನ್ನು ತೋಳು ಹಿಡಿದು ಮೇಲೆತ್ತಿದರು.

ಅಲ್ಲಿಂದ ಎಲ್ಲರೂ ಓಣಿಗೆ ಓಡಿದೆವು. ನಾನು ಮೈಯೆಲ್ಲ ಕೆಸರು, ತಲೆಗೂದಲು ಬಿಚ್ಚಿಹೋಗಿತ್ತು, ಸೀರೆ ಇನ್ನೂ ಕಚ್ಚೆಯಲ್ಲೇ. ಗಂಡ ರಜೆ ಹಾಕಿ ಅಲ್ಲಿ ನಿಂತಿದ್ದಾರೆಂಬುದು ಆಗಲೇ ತಿಳಿದದ್ದು. ಅವರ ಕೈಯಲ್ಲಿ ಉಳಿ ಇತ್ತು. ಖಾಲಾ ಹೇಳಿದ ಜಾಗದಲ್ಲಿ ಅವರೂ ಶೇಠಜಿಯೂ ಸೇರಿ ಗಾರೆ ಕೆರೆದು ತೆಗೆದಿದ್ದರು. ಒಳಗಿನಿಂದ ಕಲ್ಲಿನ ಆನೆಯ ಮುಖವೊಂದು ಹೊರಬಂದಿತ್ತು. ಸೊಂಡಿಲು ಅರ್ಧ ಮುರಿದಿತ್ತು, ಬಾಯಿ ತೆರೆದಿತ್ತು. ಬಾಯಿ ಒಣಗಿತ್ತು.

ಕಾದೆವು. ಬಂಬಾದ ಹೊಟ್ಟೆಯೊಳಗೆ ಏನೋ ಏರುವ ಸದ್ದು. ಆಳುಗಳು ಬೀಡಿ ಎಸೆದು ಎದ್ದು ನಿಂತರು. ಶೇಠಜಿ ಬಗ್ಗಿ ಆನೆಯ ಬಾಯಿಗೆ ಕಣ್ಣು ಹಚ್ಚಿ ನೋಡಿದರು. ಅದೇ ಗಳಿಗೆಗೆ ಬಾಯಿ ಕೆಮ್ಮಿತು. ಒಂದು ಮುದ್ದೆ ಕಪ್ಪು ಕೆಸರು ಅವರ ಮುಖಕ್ಕೂ ಟೋಪಿಗೂ ರಾಚಿತು. ಅದರ ಬೆನ್ನಿಗೆ ಕೆಂಪು ನೀರು, ಆಮೇಲೆ ಕಂದು ನೀರು, ಆಮೇಲೆ ನನ್ನ ತೋಳಷ್ಟು ದಪ್ಪದ ಧಾರೆ. ಶೇಠಜಿ ಮುಖ ಒರೆಸಿಕೊಳ್ಳಲಿಲ್ಲ. ಹಾಗೇ ನಿಂತು ಎರಡೂ ಕೈಯೊಡ್ಡಿ ನೀರು ಹಿಡಿದರು. ಓಣಿ ಒಂದೇ ಬಾಯಿಯಲ್ಲಿ ಕೂಗಿತು. ಕಿಟಕಿಗಳಿಂದ ಜನ ತಟ್ಟೆ ಬಡಿದರು. ನನ್ನ ಗಂಡ ಎಲ್ಲರೆದುರು, ತಾಯಿಯ ಎದುರೂ, ನನ್ನ ಕೆಸರು ಮೆತ್ತಿದ ಕೈ ಹಿಡಿದುಕೊಂಡರು. ನಮ್ಮ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ನೀರು ತಿಳಿಯಾಗಲು ಮಧ್ಯಾಹ್ನವಾಯಿತು. ಮೊದಲ ತಂಬಿಗೆಯನ್ನು ಖಾಲಾ ತಾನೇ ತುಂಬಿದಳು. ತುಂಬಿ ಯಾರಿಗೆ ಕೊಡಲೆಂದು ಸುತ್ತ ನೋಡಿದಳು. ಅತ್ತಿ ಜನರ ನಡುವಿನಿಂದ ಬಂದು ಅದನ್ನು ಇಸಿದುಕೊಂಡು, ತಲೆ ಎತ್ತಿ, ಗಟಗಟ ಕುಡಿದಳು. ಕುಡಿದು ತಂಬಿಗೆ ತಿರುಗಿ ಕೊಟ್ಟಳು.

“ಥಂಡಾ ಹೈ,” ಅಂದಳು. ತಣ್ಣಗಿದೆ.

“ಹಮಾರೇ ಘರ್ ಕಾ ಹೈ ನಾ,” ಅಂದಳು ಖಾಲಾ. ನಮ್ಮ ಮನೆಯದಲ್ಲವೇ.

ಆ ಬೇಸಿಗೆ ನಮ್ಮ ಓಣಿ ಬಾಯಾರಲಿಲ್ಲ. ಟ್ಯಾಂಕರನ್ನು ಬೇರೆ ಓಣಿಗೆ ಕಳಿಸಿ ಎಂದು ಶೇಠಜಿ ತಾವೇ ಹೋಗಿ ಹೇಳಿ ಬಂದರು. ಹೊರಟುಹೋಗಬೇಕಾಗಿದ್ದ ಆಳುಗಳನ್ನು ಅವರೇ ತಡೆದು, ಬಂಬಾದ ಬಿರುಕುಗಳಿಗೆ ಸುಣ್ಣ ಗಾರೆ ಹಾಕಿಸಿದರು. ದರವಾಜದ ಹೊರಗೆ ಬಿಡಾರ ಹೂಡಿದ್ದವರಿಗೆ ಬೆಳಗಿನ ಪಾಳಿ ಅಂತ ಅತ್ತಿ ನಿಯಮ ಮಾಡಿದಳು. ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಪಾಳಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ದಿನವಿಡೀ ಆನೆಯ ಬಾಯಿಯ ಪಕ್ಕ ನಿಂತು ಕೂಗಿ ಕೂಗಿ ನನಗೆ ಮರಾಠಿ ಬಂದಿದ್ದು ಹಾಗೆ. ಜಗಳ ಬಿಡಿಸುವ ಮಾತುಗಳೇ ಮೊದಲು ಬಂದವು, ಸೌಜನ್ಯದ ಮಾತು ಆಮೇಲೆ. ಶೇಠಜಿಯ ಸೊಸೆಗೆ ಆಷಾಢದಲ್ಲಿ ಹೆಣ್ಣು ಮಗು ಹುಟ್ಟಿತು. ಎರೆಯುವ ನೀರು ಆ ಧಾರೆಯದೇ. ಕಾನಡೀ ಸೂನ್ ಅನ್ನುವುದನ್ನು ಜನ ಬಿಡಲಿಲ್ಲ, ಆದರೆ ಈಗ ಅದನ್ನು ಹೇಳುವಾಗ ಗೇಲಿಯ ಪಾಲು ಇರುತ್ತಿರಲಿಲ್ಲ. ಓಣಿಯಲ್ಲಿ ಏನೇ ತೀರ್ಮಾನವಾಗಲಿ, ಆಕೆಯನ್ನೂ ಕರೆಯಿರಿ ಅನ್ನತೊಡಗಿದರು.

ಎರಡು ವರ್ಷದ ನಂತರ ಗಂಡನಿಗೆ ನಾಸಿಕಕ್ಕೆ ವರ್ಗವಾಯಿತು. ಅಲ್ಲಿ ಕಚೇರಿಯ ಹತ್ತಿರ ಹೊಸ ಮನೆಗಳು ಬೇಕಾದಷ್ಟಿದ್ದವು. ಮನೆ ನೋಡಲು ಒಬ್ಬರೇ ಹೋಗಿ ಬಂದವರು, ಗೋದಾವರಿಯ ದಂಡೆಯ ಹಳೆಯ ಪೇಠೆಯಲ್ಲಿ ಒಂದು ವಾಡೆಯ ಎರಡು ಕೋಣೆ ಗೊತ್ತು ಮಾಡಿದ್ದೇನೆ ಅಂದರು. ಕೆತ್ತನೆಯ ಮರದ ಕಂಬಗಳಿವೆ, ನಡುವೆ ಚೌಕವಿದೆ, ಚೌಕದಲ್ಲಿ ಬಾವಿಯಿದೆ, ಬಾವಿಯನ್ನು ಇಣುಕಿ ನೋಡಿಯೇ ಮುಂಗಡ ಕೊಟ್ಟೆ ಎಂದು ಬಹಳ ಸಂಭ್ರಮದಿಂದ ಹೇಳಿದರು. ನಾನು ನಗು ತಡೆದುಕೊಂಡೆ.

ಅತ್ತಿ ಮಾತ್ರ ಹೊರಡಲಿಲ್ಲ. ಬೇಸಿಗೆ ಶುರುವಾಗುವ ಹೊತ್ತು, ಹೌಜಿನ ಹೂಳು ತೆಗೆಯುವ ಕಾಲ.

“ನೀವು ಹೋಗ್ರಿ,” ಅಂದಳು. “ನಾನು ನಹರಿನ ಕೆಲಸ ಮುಗಿಸಿ ಬರ್ತೀನಿ.”

ಮೇಲಿನ ಕೋಣೆಗಳನ್ನು ಹೊಸ ಬಾಡಿಗೆಯವರಿಗೆ ಬಿಟ್ಟುಕೊಟ್ಟಾಗಿತ್ತು. ಎಲ್ಲಿರುತ್ತೀರಿ ಅಂತ ಕೇಳಿದರೆ, ಕೆಳಗ ಜಾಗ ಬೇಕಾದಷ್ಟು ಅದ ಅಂದಳು. ಖಾಲಾನ ಅಂಗಳದಲ್ಲಿ ಎರಡನೆಯ ಮಂಚ ಬಂತು. ಒಂದು ಮೂಲೆಯಲ್ಲಿ ಅತ್ತಿಯ ಒಲೆ, ಇನ್ನೊಂದು ಮೂಲೆಯಲ್ಲಿ ಖಾಲಾನದು.

ಮಳೆ ಹಿಡಿದ ಮೇಲೆ ನನ್ನ ಗಂಡ ಹೋಗಿ ಆಕೆಯನ್ನು ಕರೆತಂದರು. ನಾಸಿಕದ ವಾಡೆಯ ಕಟ್ಟೆಯ ಮೇಲೆ ಕೂತು, ಕಾಲು ಚಾಚಿ, ಅತ್ತಿ ಮೊದಲು ಒಂದು ಲೋಟ ಚಹಾ ಕುಡಿದಳು. ಆಮೇಲೆ ಹೇಳಿದಳು. ಈ ಸಲ ಹೆಂಗಸರು ಎಷ್ಟು ಜನ ಬಂದರೆಂದರೆ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಶೇಠಜಿಯ ಸೊಸೆಯೇ ಕಚ್ಚೆ ಹಾಕಿ ಮೊದಲು ಇಳಿದಳು. ಮಗ್ಗುಲ ಓಣಿಯವರು ಬಂದು ನಿಂತು ಎಲ್ಲ ನೋಡಿಕೊಂಡು ಹೋಗಿ, ತಮ್ಮ ಓಣಿಯಲ್ಲಿ ಒಂದು ಅಂಗಡಿಯ ಗೋಡೆಯೊಳಗೆ ಹುದುಗಿಹೋಗಿದ್ದ ಬಂಬಾವನ್ನು ಹುಡುಕಿದರು. ಅದನ್ನು ಬಿಡಿಸಲು ಅತ್ತಿಯನ್ನೂ ಖಾಲಾನನ್ನೂ ಟಾಂಗಾ ಕಳಿಸಿ ಕರೆಸಿಕೊಂಡರು. ಖಾಲಾ ಎಷ್ಟೋ ವರ್ಷಗಳ ಮೇಲೆ ಹವೇಲಿಯಿಂದ ಹೊರಗೆ ಕಾಲಿಟ್ಟದ್ದು ಆಗಲೇ. ಇಬ್ಬರನ್ನೂ ಗಾದಿ ಹಾಕಿ ಕೂರಿಸಿದ್ದರಂತೆ.

“ಬಂತೇನ್ರಿ ನೀರು?” ಅಂತ ಕೇಳಿದೆ.

ಅತ್ತಿ ಲೋಟ ಕೆಳಗಿಟ್ಟಳು. “ಬರದೇನು,” ಅಂದಳು. “ನಮ್ಮದಕ್ಕಿಂತ ದಪ್ಪ ಧಾರಿ.”